ಮೊದಲ ಬಿಲ್ಲು ಹಗುರವಾಗಿರಲಿ

ಆರ್ಚರಿ ಕಲಿಯಲು ಶುರು ಮಾಡಿದವರು ಸ್ವಂತ ಬಿಲ್ಲು ಕೊಳ್ಳುವ ಯೋಚನೆ ಬಂದ ಕೂಡಲೇ ಕೇಳುವುದು ಇದನ್ನೇ: "ಎಷ್ಟು ಪೌಂಡಿನ ಬಿಲ್ಲು ತಗೊಳ್ಳಲಿ?" ಇಲ್ಲಿ ಪೌಂಡ್ ಅಂದರೆ ಬಿಲ್ಲಿನ ತೂಕವಲ್ಲ, ಹೆದೆ ಎಳೆಯಲು ಬೇಕಾಗುವ ಬಲ. ಅದು ಕಡಿಮೆ ಇದ್ದರೆ ಹಗುರ ಬಿಲ್ಲು, ಹೆಚ್ಚಿದ್ದರೆ ಭಾರದ ಬಿಲ್ಲು. ನನ್ನ ಉತ್ತರ ಯಾವಾಗಲೂ ಒಂದೇ. ನೀವು ಮನಸ್ಸಿನಲ್ಲಿ ಇಟ್ಟುಕೊಂಡಿರುವುದಕ್ಕಿಂತ ಕಡಿಮೆ ಪೌಂಡಿನದ್ದು ತಗೊಳ್ಳಿ.

ಈ ಮಾತು ಹೇಳಿದಾಗ ಎಷ್ಟೋ ಜನರ ಮುಖ ಸಪ್ಪೆಯಾಗುತ್ತದೆ, ಅದರಲ್ಲೂ ಜಿಮ್‌ಗೆ ಹೋಗಿ ಮೈ ಗಟ್ಟಿ ಮಾಡಿಕೊಂಡವರದ್ದು. ಅವರ ತೋಳಿನ ಬಲದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಬಿಲ್ಲನ್ನು ಎಳೆದು ಹಿಡಿಯುವ ಮುಖ್ಯ ಕೆಲಸ ತೋಳಿನದ್ದಲ್ಲ, ಬೆನ್ನಿನದ್ದು. ಎರಡು ಭುಜದ ಮೂಳೆಗಳ ನಡುವಿನ ಸ್ನಾಯುಗಳು ಆ ಕೆಲಸಕ್ಕೆ ಪಳಗಲು ಸಮಯ ಬೇಕು. ಅವು ಪಳಗುವ ಮೊದಲೇ ಭಾರದ ಬಿಲ್ಲು ಕೈಗೆ ಬಂದರೆ ದೇಹ ಅಡ್ಡದಾರಿ ಹುಡುಕುತ್ತದೆ. ಭುಜ ಕಿವಿಯ ಹತ್ತಿರ ಏರುತ್ತದೆ. ತಲೆ ಹೆದೆಯ ಕಡೆಗೆ ಚಾಚುತ್ತದೆ. ಬೆರಳು ಗದ್ದಕ್ಕೆ ತಾಗುವ ಮೊದಲೇ ಬಾಣ ಹೊರಟುಹೋಗುತ್ತದೆ. ಒಮ್ಮೆ ಮೈಗೆ ಅಂಟಿದ ಈ ಚಾಳಿಗಳನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ತುಂಬಾ ಕಷ್ಟ.

ಲೆಕ್ಕ ಹೀಗಿದೆ. ದೊಡ್ಡವರು ರಿಕರ್ವ್ ಬಿಲ್ಲಿನಲ್ಲಿ, ಅಂದರೆ ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲಿನಲ್ಲಿ, ಕಲಿಯಲು 18ರಿಂದ 24 ಪೌಂಡ್ ಸಾಕು. ಮಕ್ಕಳಿಗೆ 10ರಿಂದ 16. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರಕ್ಕೆ ಹೊಡೆಯುವವರು 40 ಪೌಂಡಿನ ಆಸುಪಾಸು, ಕೆಲವರು 50ರ ಹತ್ತಿರ ಎಳೆಯುತ್ತಾರೆ, ನಿಜ. ಆದರೆ ಅವರು ಅಲ್ಲಿಗೆ ಮುಟ್ಟಿದ್ದು ವರ್ಷಗಟ್ಟಲೆ, ಸ್ವಲ್ಪಸ್ವಲ್ಪವೇ ಏರಿಸಿಕೊಂಡು. ಅರ್ಹತಾ ಸುತ್ತಿನಲ್ಲಿ ಅವರು 72 ಬಾಣ ಬಿಡಬೇಕು, ಕೊನೆಯದ್ದೂ ಮೊದಲನೆಯದ್ದರ ಹಾಗೆಯೇ ಹೋಗಬೇಕು. ಕಲಿಯುವವರು ನಿಲ್ಲುವುದು 10 ಮೀಟರ್, 18 ಮೀಟರ್ ದೂರದಲ್ಲಿ. ಅಲ್ಲಿಗೆ 20 ಪೌಂಡಿನ ಬಿಲ್ಲು ಧಾರಾಳವಾಗಿ ಬಾಣ ಮುಟ್ಟಿಸುತ್ತದೆ.

ಬಿಲ್ಲಿನ ಮೇಲೆ ಬರೆದಿರುವ ಪೌಂಡ್ ಎಲ್ಲರಿಗೂ ಅಷ್ಟೇ ಆಗಿರುವುದಿಲ್ಲ ಅನ್ನುವುದೂ ಗೊತ್ತಿರಲಿ. ಆ ಅಂಕಿ 28 ಇಂಚು ಎಳೆದಾಗಿನದ್ದು. ಉದ್ದ ಕೈಯವರು ಅದಕ್ಕಿಂತ ಹೆಚ್ಚು ಎಳೆಯುತ್ತಾರೆ, ಗಿಡ್ಡ ಕೈಯವರು ಕಡಿಮೆ. ಒಂದೊಂದು ಇಂಚಿಗೂ ಹೆಚ್ಚುಕಡಿಮೆ 2 ಪೌಂಡ್ ವ್ಯತ್ಯಾಸ ಬರುತ್ತದೆ. ಹಾಗಾಗಿ ನಿಮ್ಮ ಎಳೆತ ಎಷ್ಟು ಇಂಚು ಅಂತ ಮೊದಲು ತಿಳಿದುಕೊಳ್ಳಿ. ಎರಡೂ ಕೈ ಅಗಲಿಸಿ ನಿಂತು, ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಅಳೆಸಿ, ಇಂಚಿನ ಲೆಕ್ಕವನ್ನು 2.5ರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. 70 ಇಂಚು ಬಂದರೆ ಎಳೆತ 28 ಇಂಚು. ಇದು ಬರೀ ಅಂದಾಜು. ಕಲಿಸುವವರ ಎದುರಿಗೆ ಹಗುರ ಬಿಲ್ಲು ಎಳೆದು ನೋಡಿದಾಗ ಸಿಗುವ ಅಳತೆಯೇ ಸರಿಯಾದದ್ದು.

ಈ ಅಳತೆಯ ಮೇಲೆಯೇ ಬಿಲ್ಲಿನ ಉದ್ದವೂ ನಿಂತಿದೆ. 28 ಇಂಚಿನ ಆಸುಪಾಸು ಎಳೆಯುವವರಿಗೆ 68 ಇಂಚಿನ ಬಿಲ್ಲು ಹಿತ. ಅದಕ್ಕಿಂತ ಕಡಿಮೆಯಾದರೆ 66, ಜಾಸ್ತಿಯಾದರೆ 70. ಉದ್ದ ಕೈಯವರು ಗಿಡ್ಡ ಬಿಲ್ಲು ಎಳೆದರೆ ಹೆದೆ ಚೂಪಾಗಿ ಬಾಗಿ ಬೆರಳುಗಳನ್ನು ಹಿಂಡುತ್ತದೆ. ನೋಡಲು ಮುದ್ದಾಗಿದೆ ಅಂತ ಗಿಡ್ಡ ಬಿಲ್ಲು ಕೊಂಡು ಬೆರಳು ನೋಯಿಸಿಕೊಳ್ಳುವವರನ್ನು ಕಂಡಾಗ ನಿಜಕ್ಕೂ ಬೇಜಾರಾಗುತ್ತದೆ.

ಹಾಗಾದರೆ ಯಾವ ಬಿಲ್ಲು? ಬಿಚ್ಚಿ ಜೋಡಿಸುವಂಥದ್ದು, ಅಂದರೆ ಟೇಕ್‌ಡೌನ್. ಇದರಲ್ಲಿ ನಡುವಿನ ಹಿಡಿಯ ಭಾಗ ರೈಸರ್, ಮೇಲೆ ಕೆಳಗೆ ಬಾಗುವ ಎರಡು ಲಿಂಬ್. ಪೌಂಡ್ ಏರಿಸಬೇಕು ಅನ್ನಿಸಿದಾಗ ಲಿಂಬ್ ಮಾತ್ರ ಬದಲಾಯಿಸಿದರೆ ಆಯಿತು, ಇಡೀ ಬಿಲ್ಲು ಬೇಡ. ಒಂದೇ ತುಂಡಿನ ಬಿಲ್ಲುಗಳು ತುಂಬಾ ಚಂದ, ನನಗೂ ಅವುಗಳ ಮೇಲೆ ಪ್ರೀತಿಯಿದೆ. ಆದರೆ ಮೊದಲ ಬಿಲ್ಲಾಗಿ ಬೇಡ.

ಟೇಕ್‌ಡೌನ್‌ನಲ್ಲೂ ಎರಡು ಜಾತಿ. ಮರದ ರೈಸರ್‌ಗೆ ಬೋಲ್ಟ್ ಹಾಕಿ ಲಿಂಬ್ ಬಿಗಿಯುವುದು ಒಂದು. ಸ್ಯಾಮಿಕ್ ಸೇಜ್ ಅನ್ನುವ 62 ಇಂಚಿನ ಬಿಲ್ಲು ಈ ಜಾತಿಯಲ್ಲಿ ತುಂಬಾ ಜನಪ್ರಿಯ. ಸುಮ್ನೆ ಖುಷಿಗಾಗಿ, ಗುರಿ ನೋಡುವ ಸೈಟ್ ಗೀಟ್ ಇಲ್ಲದೆ ಹೊಡೆಯುವವರಿಗೆ ಇಂಥದ್ದು ಚೆನ್ನಾಗಿಯೇ ಇದೆ. ಆದರೆ ಆ ಮಾದರಿಗೆಂದೇ ಮಾಡಿದ ಲಿಂಬ್‌ಗಳನ್ನೇ ಹುಡುಕಬೇಕಾಗುತ್ತದೆ. ಇನ್ನೊಂದು ಐಎಲ್‌ಎಫ್. ಇದರಲ್ಲಿ ಒಂದು ಕಂಪನಿಯ ರೈಸರ್‌ಗೆ ಇನ್ನೊಂದು ಕಂಪನಿಯ ಲಿಂಬ್ ಕೂರುತ್ತದೆ. ರೈಸರ್ ಹೆಚ್ಚಾಗಿ ಲೋಹದ್ದು, ಸಾಮಾನ್ಯ ಉದ್ದ 25 ಇಂಚು. ಲಿಂಬ್ ಹಿಡಿದಿಡುವ ಬೋಲ್ಟ್ ತಿರುಗಿಸಿ ಪೌಂಡನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಸ್ಪರ್ಧೆಯ ಆಸೆ ಎಳ್ಳಷ್ಟಾದರೂ ಇದ್ದರೆ ಐಎಲ್‌ಎಫ್ ಕೊಳ್ಳಿ ಅಂತಲೇ ನಾನು ಹೇಳುವುದು. ಒಂದು ಎಚ್ಚರ: ಹೋಯ್ಟ್ ಕಂಪನಿಯ ಫಾರ್ಮುಲಾ ಮಾದರಿಯ ಜೋಡಣೆಯೇ ಬೇರೆ. ಅದರ ರೈಸರ್‌ಗೆ ಐಎಲ್‌ಎಫ್ ಲಿಂಬ್ ಕೂರುವುದಿಲ್ಲ.

ದುಡ್ಡು ಎಲ್ಲಿ ಹಾಕಬೇಕು? ರೈಸರ್‌ಗೆ ಹಾಕಿ. ಅದು ವರ್ಷಗಟ್ಟಲೆ ನಿಮ್ಮ ಜೊತೆ ಇರುತ್ತದೆ. ಮೊದಲ ಲಿಂಬ್‌ಗಳು ಮರ ಮತ್ತು ಫೈಬರ್‌ಗ್ಲಾಸಿನ ಸಾದಾ ಲಿಂಬ್ ಆದರೆ ಸಾಕು. ಹೇಗೂ ಅವನ್ನು ಬದಲಾಯಿಸುತ್ತೀರಿ. ಕಾರ್ಬನ್, ಫೋಮ್ ಅಂತ ಮೊದಲೇ ತಲೆ ಕೆಡಿಸಿಕೊಳ್ಳಬೇಡಿ. ಬಿಲ್ಲು ಅಲುಗದಂತೆ ಹಾಕುವ ಸ್ಟೆಬಿಲೈಸರ್, ಪೂರ್ತಿ ಎಳೆದಾಗ ಟಕ್ ಅನ್ನುವ ಕ್ಲಿಕ್ಕರ್ ಇವೆಲ್ಲ ಆಮೇಲೆ. ಆದರೆ ಹೆದೆ ಎಳೆಯುವ ಬೆರಳು ನೋಯದಂತೆ ಟ್ಯಾಬ್, ಮುಂಗೈಗೆ ಗಾರ್ಡ್, ಹೆದೆ ಏರಿಸಲು ಸ್ಟ್ರಿಂಗರ್ ಇವು ಮೂರೂ ಮೊದಲ ದಿನವೇ ಬೇಕು. ಕಾಲಿನ ಮಧ್ಯೆ ಬಿಲ್ಲು ಸಿಕ್ಕಿಸಿ ಬಗ್ಗಿಸಿ ಹೆದೆ ಏರಿಸಿದರೆ ಲಿಂಬ್ ತಿರುಚಿಕೊಳ್ಳುತ್ತದೆ, ಜಾರಿದರೆ ಮುಖಕ್ಕೇ ಹೊಡೆಯುತ್ತದೆ.

ಬಲಗೈ ಬಿಲ್ಲೋ ಎಡಗೈ ಬಿಲ್ಲೋ ಅನ್ನುವುದನ್ನು ಕಣ್ಣು ನೋಡಿ ನಿರ್ಧರಿಸಬೇಕು. ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಬಿಡಿ. ಅದರಲ್ಲಿ ದೂರದ ಒಂದು ವಸ್ತು ನೋಡುತ್ತಾ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಮುಖ್ಯ ಕಣ್ಣು. ಸಾಮಾನ್ಯವಾಗಿ ಆ ಕಡೆಯ ಕೈಯಲ್ಲೇ ಹೆದೆ ಎಳೆಯುವುದು ಒಳ್ಳೆಯದು. ಬಲಗೈ ಬಿಲ್ಲು ಅಂದರೆ ಬಲಗೈಯಲ್ಲಿ ಎಳೆಯುವ ಬಿಲ್ಲು, ಹಿಡಿಯುವುದು ಎಡಗೈಯಲ್ಲಿ. ಆರ್ಡರ್ ಮಾಡುವಾಗ ಇಲ್ಲೇ ಜಾಸ್ತಿ ಗೊಂದಲ.

ಬಾಣ ಕೊಳ್ಳುವುದು ಬಿಲ್ಲು ಕೈಗೆ ಬಂದ ಮೇಲೆ. ಬಾಣದ ಬಿಗಿತಕ್ಕೆ ಸ್ಪೈನ್ ಅನ್ನುತ್ತಾರೆ. ಕಾರ್ಬನ್ ಬಾಣದಲ್ಲಿ ಅಂಕಿ ದೊಡ್ಡದಾದಷ್ಟೂ ಬಾಣ ಮೆತ್ತಗೆ. ಹಗುರ ಬಿಲ್ಲಿಗೆ ಮೆತ್ತನೆಯ ಬಾಣ ಬೇಕು, 20-24 ಪೌಂಡಿಗೆ ಸಾಮಾನ್ಯವಾಗಿ 900, 1000 ಅಂಕಿಯವು. 400ರ ಗಟ್ಟಿ ಬಾಣ ಹಗುರ ಬಿಲ್ಲಿನಿಂದ ಪಕ್ಕಕ್ಕೆ ಓಡುತ್ತದೆ, ಕಲಿಯುವವರು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ. ಕಲಿಯುವಾಗ ಎಳೆತ ಬೆಳೆಯುತ್ತದೆ, ಆದ್ದರಿಂದ ಬಾಣ ಒಂದೆರಡು ಇಂಚು ಉದ್ದವೇ ಇರಲಿ. ಗಿಡ್ಡ ಬಾಣ ಎಳೆದಾಗ ರೆಸ್ಟ್‌ನಿಂದ, ಅಂದರೆ ಬಿಲ್ಲಿನ ಮೇಲೆ ಬಾಣ ಕೂರುವ ಆಸರೆಯಿಂದ, ಹಿಂದಕ್ಕೆ ಬಿದ್ದರೆ ಕೈಗೇ ಚುಚ್ಚಬಹುದು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಬೆಳೆಯುವ ಮಗುವಿಗೆ ಒಂದು ಅಳತೆ ದೊಡ್ಡ ಅಂಗಿ ತಂದ ಹಾಗೆ ಭಾರದ ಬಿಲ್ಲು ತರಬೇಡಿ. ದೊಡ್ಡ ಅಂಗಿಯಿಂದ ಮಗುವಿಗೆ ನೋವಾಗುವುದಿಲ್ಲ, ಭಾರದ ಬಿಲ್ಲಿನಿಂದ ಆಗುತ್ತದೆ. ಭುಜ ನೋಯುತ್ತಾ, ಬಾಣ ಟಾರ್ಗೆಟ್‌ಗೆ ತಾಗದೆ, ತನಗೆ ಇದು ಬರುವುದೇ ಇಲ್ಲ ಅಂತ ಮಗು ಬಿಲ್ಲು ಕೆಳಗಿಡುತ್ತದೆ. ಕಲಿಯುವ ಆಸೆ ಇದ್ದ ಮಗು ಹೀಗೆ ಬಿಟ್ಟುಹೋಗುವುದು ನನಗೆ ಸಹಿಸಲಾಗದ ವಿಷಯ. ಸಾಧ್ಯವಿದ್ದರೆ ಮೊದಲ ಕೆಲವು ತಿಂಗಳು ಕಲಿಯುವ ಜಾಗದ ಬಿಲ್ಲಿನಲ್ಲೇ ಅಭ್ಯಾಸವಾಗಲಿ.

ಈಗಾಗಲೇ 36 ಪೌಂಡಿನದ್ದು ಕೊಂಡಾಗಿದೆ ಅನ್ನುವವರು ಒಂದು ಪರೀಕ್ಷೆ ಮಾಡಿ. ಬಾಣ ಇಟ್ಟು, ಟಾರ್ಗೆಟ್ ಕಡೆಗೇ ಮುಖ ಮಾಡಿ ಪೂರ್ತಿ ಎಳೆಯಿರಿ. ಹತ್ತು ಎಣಿಸುವವರೆಗೆ ನಡುಗದೆ ಹಿಡಿಯಿರಿ. ಆಮೇಲೆ ಬಾಣ ಬಿಡದೆ ನಿಧಾನವಾಗಿ ವಾಪಸ್ ತನ್ನಿ. ಬಾಣವಿಲ್ಲದ ಹೆದೆಯನ್ನು ಮಾತ್ರ ಯಾವತ್ತೂ ಎಳೆದು ಬಿಡಬೇಡಿ, ಲಿಂಬ್ ಸೀಳಬಹುದು. ಎಳೆಯಲು ಬಿಲ್ಲನ್ನು ಆಕಾಶದ ಕಡೆ ಎತ್ತಬೇಕಾಯಿತಾ? ವಾಪಸ್ ತರುವಾಗ ಕೈ ಜರ್ಕ್ ಹೊಡೆಯಿತಾ? ಹಾಗಿದ್ದರೆ ಆ ಬಿಲ್ಲು ನಿಮಗೆ ಸದ್ಯಕ್ಕೆ ಭಾರ. ಟೇಕ್‌ಡೌನ್ ಆಗಿದ್ದರೆ ರೈಸರ್ ಇಟ್ಟುಕೊಂಡು ಅದಕ್ಕೆ ಕೂರುವ ಹಗುರ ಲಿಂಬ್ ತನ್ನಿ. ಭಾರದ ಲಿಂಬ್‌ಗಳನ್ನು ತೆಗೆದಿಡಿ. ಮುಂದೆ ಈ ಪರೀಕ್ಷೆ ಹಗುರ ಲಿಂಬ್‌ನಲ್ಲಿ ಲೀಲಾಜಾಲವಾದಾಗ 2 ಪೌಂಡ್, ಹೆಚ್ಚೆಂದರೆ 4 ಪೌಂಡ್ ಏರಿಸಿ.