ನಿಲ್ದಾಣ ಹತ್ತಿರವಿದ್ದರಷ್ಟೇ ಸಾಲದು
ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಹಾಸನದಲ್ಲಿ ಮನೆ ಮಾಡುವವರು ರೈಲು ನಿಲ್ದಾಣದ ಸಮೀಪವೇ ನಿವೇಶನ ಹುಡುಕಬೇಕೆಂದು ಲೇಖನವೊಂದರಲ್ಲಿ ಕೊಟ್ಟಿದ್ದ ಸಲಹೆಯನ್ನು ಒಪ್ಪುತ್ತೇನೆ. ಆದರೆ ಅದಕ್ಕಿಂತ ಮೊದಲು ರೈಲಿನ ವೇಳಾಪಟ್ಟಿಯನ್ನು ನೋಡಬೇಕು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೂಲಕ ನೇರ ಮಾರ್ಗ ಆರಂಭವಾದ ಮೇಲೆ ಅರಸೀಕೆರೆ ಸುತ್ತಿ ಹೋಗುವ ಕಷ್ಟ ತಪ್ಪಿತು, ನಿಜ. ಆದರೂ ಇದು ಒಂಟಿ ಹಳಿಯ ಮಾರ್ಗವಾದ್ದರಿಂದ, ಎದುರಿನ ಗಾಡಿಗೆ ದಾರಿ ಬಿಡಲು ನಮ್ಮ ಗಾಡಿ ಸಣ್ಣ ನಿಲ್ದಾಣವೊಂದರಲ್ಲಿ ಕ್ರಾಸಿಂಗಿಗೆಂದು ನಿಂತುಬಿಟ್ಟರೆ, ಯಶವಂತಪುರದಲ್ಲಿಳಿದು ಮೆಟ್ರೋ ಹಿಡಿದು ಹೊತ್ತಿಗೆ ಸರಿಯಾಗಿ ಕಚೇರಿ ಸೇರುವ ಲೆಕ್ಕವೆಲ್ಲ ತಪ್ಪುತ್ತದೆ. ವಾರಕ್ಕೊಮ್ಮೆ ಊರಿಗೆ ಬರುವವರಿಗೆ ಇದು ದೊಡ್ಡ ತೊಂದರೆಯಲ್ಲ. ದಿನವೂ ಓಡಾಡುವವರು ಮಾತ್ರ ಮುಂಗಡ ಕೊಡುವ ಮೊದಲು ಒಂದು ವಾರವಾದರೂ ಹೋಗಿ ಬಂದು ನೋಡಲಿ. ಚನ್ನರಾಯಪಟ್ಟಣದಲ್ಲಿ ಮನೆ ನೋಡುವವರು, ತಮ್ಮ ಗಾಡಿಗೆ ಅಲ್ಲಿ ನಿಲುಗಡೆ ಇದೆಯೇ, ರಾತ್ರಿ ಇಳಿದಾಗ ಆಟೋ ಸಿಗುತ್ತದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಬೇಕು.