ಲಕ್ಷ್ಮಣ ಝೂಲಾ ಎಂದು ಹೊರಟು ರಾಮ ಝೂಲಾ ದಾಟುವುದು

ಋಷಿಕೇಶದಲ್ಲಿ ಎಡವಟ್ಟು ಆಟೋ ಹತ್ತುವಾಗಲೇ ಶುರು. ‘ಲಕ್ಷ್ಮಣ ಝೂಲಾ’ ಅನ್ನುತ್ತೀರಿ, ಆಟೋದವನು ತಪೋವನದಲ್ಲಿ ಇಳಿಸಿ ಕಾಸು ಎಣಿಸಿಕೊಳ್ಳುತ್ತಾನೆ. ರುದ್ರಾಕ್ಷಿ ಅಂಗಡಿಗಳ ನಡುವೆ ಇಳಿಜಾರು ಇಳಿದು ಬಂದರೆ ಗಂಗೆಯ ಮೇಲೆ ಆ ತೂಗುಸೇತುವೆಯೇನೋ ಇದೆ, ದಾಟಲು ಬಿಡುವುದಿಲ್ಲ. 1930ರಲ್ಲಿ ತೆರೆದದ್ದು, 2020ರಲ್ಲಿ ನಡೆದು ಹೋಗುವವರಿಗೂ ಬಂದ್ ಆಯಿತು. ಆಟೋದವನದು ಏನೂ ತಪ್ಪಿಲ್ಲ. ಕರೆದುಕೊಂಡು ಹೋಗು ಅಂದಿರಿ, ದಾಟಿಸು ಅಂದಿರಲಿಲ್ಲ.

ಎದುರು ದಡದಲ್ಲಿ ಹದಿಮೂರು ಅಂತಸ್ತಿನ ದೇವಸ್ಥಾನ, ಗಂಟೆಗಳ ಸಮೇತ ಕಣ್ಣಿಗೆ ಕಾಣುತ್ತಿರುತ್ತದೆ. ನಡುವೆ ಇರುವುದು 450 ಅಡಿ ಸೇತುವೆ. ಅದಿಲ್ಲದಿದ್ದರೆ ಹೊಳೆಯ ಜೊತೆ ಸುಮಾರು ಎರಡು ಕಿಲೋಮೀಟರ್ ಕೆಳಗಿಳಿದು, 750 ಅಡಿಯ ರಾಮ ಝೂಲಾ ದಾಟಿ, ಆ ದಡದಲ್ಲಿ ಮತ್ತೆ ಅಷ್ಟೇ ದೂರ ಹಿಂದಕ್ಕೆ ನಡೆಯಬೇಕು. ಮಂಡಿನೋವಿನ ದೊಡ್ಡಮ್ಮ ಜೊತೆಗಿದ್ದರೆ ಈ ಲೆಕ್ಕ ಮೊದಲೇ ಹೇಳಿಬಿಡಿ. ಹಳೆಯದರ ಪಕ್ಕದಲ್ಲೇ ಕಟ್ಟಿರುವ ಬಜರಂಗ ಸೇತು ಅಂದು ತೆರೆದಿದೆಯೋ ಎಂದು ರೂಮಿನಲ್ಲೇ ವಿಚಾರಿಸಿಕೊಂಡು ಹೊರಡುವುದು ಇನ್ನೂ ಜಾಣತನ.

ಲಕ್ಷ್ಮಣ ಸೆಣಬಿನ ಹಗ್ಗದ ಮೇಲೆ ಗಂಗೆ ದಾಟಿದನೆಂದು ಪ್ರತೀತಿ. ಅವನ ಮುಂದೆ ಸೆಲ್ಫಿಗೆ ನಿಂತವರು ಯಾರೂ ಇರಲಿಲ್ಲ, ಅದೇ ಅನುಕೂಲ. ರಾಮ ಝೂಲಾದಲ್ಲಿ ಒಬ್ಬರು ನಿಂತರೆ ಹಿಂದಿನ ಐವತ್ತು ಜನ ನಿಲ್ಲುತ್ತಾರೆ. ಅಷ್ಟರಲ್ಲಿ ಸೇತುವೆ ತೂಗುತ್ತದೆ. ತೂಗುಸೇತುವೆಯ ಹಾಸು ಎರಡು ಗೋಪುರಗಳ ನಡುವಿನ ಕೇಬಲ್‌ನಿಂದ ನೇತಾಡುತ್ತಿರುತ್ತದೆ, ಅಲುಗಾಟ ಹೆಚ್ಚು ಗೊತ್ತಾಗುವುದು ನಟ್ಟನಡುವೆ. ಹೆದರಿದವರು ಕಾಲಗಲಿಸಿ, ತೂಗಾಟಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತಾರೆ. ನೂರು ಜನ ಹಾಗೇ ಹಾಕಿದರೆ ತೂಗಾಟ ಜಾಸ್ತಿಯೇ ಆಗುವುದು. ಕಾಲು ನೋಡಿಕೊಳ್ಳದೆ ದೂರದ ಗೋಪುರ ನೋಡುತ್ತಾ ನಿಮ್ಮ ಪಾಡಿಗೆ ನಡೆಯಿರಿ. ಫೋಟೋ ಘಾಟ್‌ನಿಂದ ತೆಗೆದರಾಯಿತು. ಸೇತುವೆಯೂ ಬರುತ್ತದೆ, ಮುಖವೂ ಮಸುಕಾಗುವುದಿಲ್ಲ.

ಇನ್ನು ಕೋತಿ. ಅದಕ್ಕೆ ಪ್ಲಾಸ್ಟಿಕ್ ಕವರ್‌ನ ಸರಸರ ಸದ್ದು ಸಾಕು. ಕವರ್ ಎದೆಗವಚಿಕೊಂಡಿರೋ, ಒಳಗೆ ತಿನ್ನುವುದಿದೆ ಎಂದು ನೀವೇ ಸಾಕ್ಷಿ ಹೇಳಿದಂತೆ. ಸಮಾಧಾನ ಮಾಡಲು ಹಲ್ಲು ಬಿಟ್ಟು ನಕ್ಕರೆ ಅದು ಜಗಳಕ್ಕೆ ಕರೆದಂತೆ. ಬಾಳೆಹಣ್ಣು, ಕಡಲೆಕಾಯಿ ಎಲ್ಲ ಜಿಪ್ ಇರುವ ಚೀಲದೊಳಗೆ ಹಾಕಿ, ಚೀಲ ಮುಂದಕ್ಕೆ ತೂಗುಹಾಕಿಕೊಳ್ಳಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ. ಕಚ್ಚಿತೋ, ಗಾಯವನ್ನು ಸೋಪು ಹಾಕಿ 15 ನಿಮಿಷ ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು. ರೇಬೀಸ್ ಚುಚ್ಚುಮದ್ದು 28 ದಿನದವರೆಗೂ ಇರುತ್ತದೆ. ಒಂದು ಪೊಟ್ಟಣ ಕಡಲೆಕಾಯಿಗೆ ಇದು ದುಬಾರಿ.

ಸಂಜೆ ಪರಮಾರ್ಥ ನಿಕೇತನ ಆಶ್ರಮದ ಗಂಗಾ ಆರತಿಗೆ ಊರೆಲ್ಲ ಒಂದೇ ದಡಕ್ಕೆ ಬರುತ್ತದೆ, ಮುಗಿದ ಮೇಲೆ ಒಟ್ಟಿಗೇ ವಾಪಸ್ ಹೊರಡುತ್ತದೆ. ಒಂದು ತಾಸು ಮುಂಚೆ ದಾಟಿ. ಹಿಂತಿರುಗುವಾಗ ರಾಮ ಝೂಲಾ ಬಿಟ್ಟು ಕೆಳಗಿನ ಜಾನಕಿ ಸೇತು ಹಿಡಿಯಿರಿ. 346 ಮೀಟರ್, ಉದ್ದ ಜಾಸ್ತಿ ನಿಜ. ಆದರೆ ಬೈಕಿಗೂ ಕಾಲ್ನಡಿಗೆಗೂ ಬೇರೆ ಬೇರೆ ದಾರಿ ಇರುವುದರಿಂದ ಹಾರ್ನ್ ಕೇಳಿ ಕಟಕಟೆಗೆ ಅಂಟಿಕೊಳ್ಳುವ ಕಷ್ಟವಿಲ್ಲ. ದೋಣಿಯೂ ಇದೆ, ಮಳೆಗಾಲದಲ್ಲಿ ನೀರು ಏರಿದಾಗ ಮಾತ್ರ ಅದನ್ನು ನೆಚ್ಚಬೇಡಿ.