ನಾಟಕದ ಸೀಸನ್ನು, ಕಾಫಿ ಕೊಯ್ಲು

ಬೆಂಗಳೂರಿನಲ್ಲಿ ನಾಟಕದ ಸುಗ್ಗಿ ಶುರುವಾದರೆ ನನಗಿಲ್ಲಿ ಹೊಟ್ಟೆ ಉರಿಯುತ್ತದೆ. ಮುಂಬೈ ತಂಡ, ಪುಣೆ ತಂಡ, ಹಾಡು ಕುಣಿತದ ದೊಡ್ಡ ಮ್ಯೂಸಿಕಲ್‌ಗಳು, ಎಲ್ಲ ಅಲ್ಲಿಗೇ. ‘ಭಾರತ ಪ್ರವಾಸ’ ಅಂತ ಪೋಸ್ಟರ್ ಬೇರೆ! ಇವರ ಭಾರತ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೇ ಮುಗಿದುಹೋಗುತ್ತದೆ, ಅಲ್ವಾ?

ಮಡಿಕೇರಿಯಿಂದ ನಾವೇ ಹೋಗೋಣ ಅಂದರೆ ಸುಮಾರು 250 ಕಿಲೋಮೀಟರ್. ಕೊಡಗಿಗೆ ರೈಲಿಲ್ಲ. ಬೆಂಗಳೂರಿನ ರಂಗಶಂಕರ ನಾಟಕಮಂದಿರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಒಳ್ಳೆಯ ನಿಯಮವೇ, ಆದರೆ ಕೆಂಗೇರಿಯ ಟ್ರಾಫಿಕ್ಕಿಗೆ ಅದು ಗೊತ್ತಿಲ್ಲವಲ್ಲ! ನಾಟಕ ಮುಗಿಸಿ ರಾತ್ರಿ ಬಸ್ಸಿನಲ್ಲಿ ಕುತ್ತಿಗೆ ಡೊಂಕು ಮಾಡಿಕೊಂಡು ನಿದ್ದೆ. ಕುಶಾಲನಗರ ದಾಟುವಾಗ ಚಳಿಗೆ ಹಲ್ಲು ಕಟಕಟ. ಮನೆ ಮುಟ್ಟುವಷ್ಟರಲ್ಲಿ ಕೊಯ್ಲಿನವರು ಅಂಗಳದಲ್ಲಿ ನಿಂತಿರುತ್ತಾರೆ. ಹೌದು, ಈ ನಾಟಕದವರ ಸೀಸನ್ನು ಬರುವುದೂ ಸರಿಯಾಗಿ ಕಾಫಿ ಹಣ್ಣಾಗುವ ಹೊತ್ತಿಗೇ.

ಹೆಗ್ಗೋಡಿನ ನೀನಾಸಂ ನಾಟಕ ಸಂಸ್ಥೆಯ ತಿರುಗಾಟ ತಂಡದವರು 1985ರಿಂದ ಲೈಟು, ಸೆಟ್ಟು ಗಾಡಿಗೆ ಹಾಕಿಕೊಂಡು ಊರೂರು ಸುತ್ತುತ್ತಿಲ್ಲವೇ? ಮ್ಯೂಸಿಕಲ್ಲಿಗೆ ಸಾಮಾನು ಜಾಸ್ತಿ, ಒಪ್ಪಿದೆ. ಮೂರೇ ಜನರ ನಾಟಕಕ್ಕೂ ನಮ್ಮ ಗುಡ್ಡ ಹತ್ತಲು ಏನು ಕಷ್ಟ? ಕಡಂಬುಟ್ಟು, ಪಂದಿಕರಿ ನಾವೇ ಮಾಡಿ ಹಾಕುತ್ತೇವಪ್ಪ, ಬನ್ನಿ.